ಹಾಲು ಉಕ್ಕಿದ ಮುಂಜಾನೆ

ಜೇವರ್ಗಿಗೆ ಸೊಸೆಯಾಗಿ ಬಂದ ವರ್ಷವೇ ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಿಂಗಪೂಜೆಯ ರೂಢಿ ಮಾಡಿಸಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೋಡುತ್ತಾ ಕೂತರೆ ಒಂದು ದಿನ ಬೆಳಕು ಕಾಣುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿಬಿಟ್ಟೆ. ಹನ್ನೆರಡು ವರ್ಷವಾಯಿತು. ಕಣ್ಣು ಲಿಂಗದ ಮೇಲೆ, ಜೀವ ಒಲೆಯ ಮೇಲೆ. ಹಾಲು ನೋಡಿಕೊಳ್ಳಲು ಗಂಡನಿಗೆ ಹೇಳಿ ಕೂರುತ್ತಿದ್ದೆ. ಅವರು ಮೊಬೈಲ್ ನೋಡುತ್ತಾ ನಿಲ್ಲುತ್ತಿದ್ದರು. ಉಕ್ಕಿದ ವಾಸನೆ ಬಂದರೆ ಸಾಕು, ಕೂತಲ್ಲಿಂದಲೇ ಕೂಗಾಡುತ್ತಿದ್ದೆ. “ಅಂಗೈಯಾಗ ಲಿಂಗ, ಬಾಯಾಗ ಬೈಗುಳ,” ಎಂದು ಅತ್ತೆ ನಗುತ್ತಿದ್ದರು. ನನ್ನಿಂದ ಆಗುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದರೆ, “ಕೂಡೂದಷ್ಟ ನಿನ್ನ ಕೆಲಸ, ಕೂಡು,” ಎನ್ನುತ್ತಿದ್ದರು.

ಮೊನ್ನೆಯೂ ಹಾಲು ಉಕ್ಕಿತು. ಉಕ್ಕಿದ್ದು ಉಕ್ಕಿತು ಎಂದುಕೊಂಡು ಕೂತೇ ಇದ್ದೆ. ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಒಳಗೆ ಹೋದರೆ, ಗಂಡ ಕೈಯಲ್ಲಿ ಒರೆಸುವ ಅರಿವೆ ಹಿಡಿದು, ಬೈಗುಳಕ್ಕೆ ಸಿದ್ಧರಾಗಿ ಒಲೆಯ ಮುಂದೆ ನಿಂತಿದ್ದರು. ನಾನು ಉಳಿದ ಹಾಲಿಗೆ ಚಹಾಪುಡಿ ಹಾಕಿದೆ.

“ಯಾಕ, ಮೈಯಾಗ ಆರಾಮ ಇಲ್ಲೇನು? ಡಾಕ್ಟರ್ ಕಡಿ ಹೋಗೂಣೇನು?” ಎಂದರು, ನಿಜವಾಗಿಯೂ ಗಾಬರಿಯಾಗಿ.

ಚಹಾ ಕೊಡುತ್ತಾ ಅತ್ತೆಯ ಮುಂದೆ ಅದೇ ಹಳೆಯ ಗೋಳು ತೆಗೆದೆ: “ಅತ್ತಿ, ಇವತ್ತೂ ಏನೂ ಕಾಣಲಿಲ್ರಿ.”

ಅತ್ತೆ, ಇನ್ನೂ ಅರಿವೆ ಹಿಡಿದೇ ನಿಂತಿದ್ದ ಮಗನ ಕಡೆ ನೋಡಿ ನಕ್ಕರು.

“ನಿನಗ ಕಂಡಿಲ್ಲವ್ವ. ಅವಗ ಕಂಡದ.”