ದ್ವೀಪದ ಬಗ್ಗೆ ಓದಿದವರು

ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಲೇಜು ಉಪನ್ಯಾಸಕರು ತೊಂಬತ್ತರ ದಶಕದ ಕೊನೆಗೆ ಪಿಎಚ್‌ಡಿ ಮಾಡುತ್ತಿದ್ದರು. ಒಂದು ದ್ವೀಪದ ಪ್ರವಾಸೋದ್ಯಮದ ಬಗ್ಗೆ ಸಂಶೋಧಕರು ಏನೇನು ಬರೆದಿದ್ದಾರೆ ಎಂಬುದೇ ಅವರ ವಿಷಯ. ಹಳೆಯ ಲೇಖನಗಳು ಪ್ರವಾಸಿಗರು ಹೆಚ್ಚಿದ್ದನ್ನು ಹೊಗಳುತ್ತಿದ್ದವು. ಹೊಸವು ಬತ್ತುವ ಬಾವಿಗಳ, ದಂಡೆಯ ಕಸದ ಚಿಂತೆ ಮಾಡುತ್ತಿದ್ದವು. ಯಾವುದನ್ನು ಓದಿ ಮುಗಿಸಿದರೂ ಕನ್ನಡಕವನ್ನು ಹಣೆಗೇರಿಸಿ, “ಅಲ್ಲಿರೋ ಮಂದೀನ ಯಾರಾರ ಕೇಳ್ಯಾರೇನ್ರಿ?” ಎನ್ನುತ್ತಿದ್ದರು.

ಕೊನೆಗೆ ತಾವೇ ಕೇಳಬೇಕೆಂದು ಒಂದು ಬೇಸಿಗೆ ರಜೆಯಲ್ಲಿ ಹೆಂಡತಿಯೊಂದಿಗೆ ಆ ದ್ವೀಪಕ್ಕೆ ಹೋದರು. ಬಾವಿಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳನ್ನು ಹರಕುಮುರುಕು ಹಿಂದಿಯಲ್ಲಿ ಮಾತಾಡಿಸಿದರಂತೆ. ಮುಂದಿನದನ್ನು ಅವರ ಹೆಂಡತಿ ನಮ್ಮ ಪಡಸಾಲೆಯಲ್ಲಿ ಕೂತು ಹೇಳಿದರು.

“‘ಕೇಳಾಕ ಭಾಳ ಮಂದಿ ಬರ್ತಾರ, ಏನ್ ಬರದ್ರು ಅಂತ ಯಾರೂ ಹೇಳಂಗಿಲ್ಲ’ ಅಂದ್ಲು ಆಕಿ. ಇವರು ಅಲ್ಲೇ ಕುಂತು, ಹೊತ್ತು ಮುಣಗೋತನ ಓದಿದ್ದನ್ನೆಲ್ಲ ಆಕಿಗೆ ಹೇಳಿದ್ರು. ನಾ ಒಬ್ಬಾಕಿನೇ ಹೋಗಿ ಸಮುದ್ರ ನೋಡಿ ಬಂದೆ.”