ನಲ್ಲಿಗೆ ಹೇಳಬೇಕಾದ ಕನಸು

ನಮ್ಮ ಹೊಸದುರ್ಗದ ಮನೆಯ ಹಿತ್ತಲ ನಲ್ಲಿಗೆ ನಮ್ಮ ಕುಟುಂಬದ ಗುಟ್ಟುಗಳಲ್ಲಿ ಅರ್ಧದಷ್ಟಾದರೂ ಗೊತ್ತಿವೆ ಎಂದರೆ ನೀವು ನಗಬಾರದು. ಕೆಟ್ಟ ಕನಸು ಬಿದ್ದರೆ ಮನುಷ್ಯರ ಕಿವಿಗೆ ಹಾಕುವ ಮೊದಲು ಹರಿಯುವ ನೀರಿಗೆ ಹೇಳಿಬಿಡಬೇಕು, ಫಲವೆಲ್ಲ ಅದರೊಡನೆ ಕೊಚ್ಚಿಹೋಗುತ್ತದೆ ಎಂಬುದು ನನ್ನ ಸೋದರತ್ತೆ ಗೌರಮ್ಮನವರ ಸಿದ್ಧಾಂತ. ತಮ್ಮೂರು ಹರಿಯಬ್ಬೆಯಲ್ಲಿದ್ದಾಗ ಹಸುವಿನ ಕಿವಿಯಲ್ಲಿ ಹೇಳುತ್ತಿದ್ದರಂತೆ. ಕಣ್ಣಿನ ಚಿಕಿತ್ಸೆಗೆಂದು ನಮ್ಮಲ್ಲಿಗೆ ಬಂದಮೇಲೆ, ಹಸುವಿಲ್ಲದ ಮನೆಯಲ್ಲಿ ಆ ಅಧಿಕಾರ ನಲ್ಲಿಗೆ ವರ್ಗಾವಣೆಯಾಯಿತು. ನಲ್ಲಿಯಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆಯಾದ್ದರಿಂದ, ನಡುವೆ ಬಿದ್ದ ದುಃಸ್ವಪ್ನಗಳನ್ನು ಅತ್ತೆ ತುಟಿ ಬಿಗಿದು ಕಾಪಾಡಿಕೊಳ್ಳಬೇಕಾಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನು. ಜಾಗೃತಿ, ಸ್ವಪ್ನ, ಸುಷುಪ್ತಿಗಳೆಂದು ಬದುಕನ್ನು ವಿಂಗಡಿಸಿದ ನಮ್ಮ ಹಿರಿಯರ ಬಗ್ಗೆ ನನಗೆ ಅಪಾರ ಗೌರವ. ಈ ಮೂರೂ ಅವಸ್ಥೆಗಳು ಒಂದೇ ಕೋಣೆಯಲ್ಲಿ ಏಕಕಾಲಕ್ಕೆ ಇರಬಲ್ಲವೆಂಬುದನ್ನು ನನ್ನ ಮಧ್ಯಾಹ್ನದ ತರಗತಿಗಳಲ್ಲಿ ಪ್ರತ್ಯಕ್ಷ ಕಂಡಿದ್ದೇನೆ. ಅತ್ತೆಯ ಸ್ವಪ್ನಶಾಸ್ತ್ರ ಅಷ್ಟು ಗಹನವಲ್ಲ. ಅದರಲ್ಲಿ ಎಲ್ಲವೂ ತಲೆಕೆಳಗು: ಮದುವೆ ಕಂಡರೆ ಕೇಡು, ಸಾವು ಕಂಡರೆ ಸತ್ತವರಿಗೆ ದೀರ್ಘಾಯುಷ್ಯ. ಬೆಳಗಿನ ಜಾವದ ಕನಸಾದರೆ ಫಲ ಶೀಘ್ರ.

ಅತ್ತೆಯ ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿನ ಪೊರೆಯನ್ನು ಇನ್ನು ತಡಮಾಡದೆ ತೆಗೆಸಬೇಕೆಂದು ಡಾಕ್ಟರು ಎಚ್ಚರಿಸಿ, ಚಿತ್ರದುರ್ಗದಲ್ಲಿ ಗುರುವಾರ ಆಪರೇಷನ್ ಎಂದು ಗೊತ್ತುಮಾಡಿದ್ದರು. ಮಂಗಳವಾರ ಬೆಳಿಗ್ಗೆ ಅತ್ತೆ ಕಾಫಿ ಮುಟ್ಟದೆ ಕೂತಿದ್ದರು. ಮರುದಿನ ನಲ್ಲಿಯಲ್ಲಿ ನೀರು ಬರುವ ಸರದಿ. ಒಂದು ದಿನ ನಾನು ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಕಾರಣ ಕೇಳದೆ ಬಿಡುವುದು ವಿಜ್ಞಾನದ ಮೇಷ್ಟ್ರಿಗೆ ಶೋಭೆಯೇ? ಕಾಡಿ ಪೀಡಿಸಿ ಬಾಯಿ ಬಿಡಿಸಿದೆ. ಮನೆ ಮುಂದೆ ಚಪ್ಪರ, ವಾಲಗ, ಹಸೆಮಣೆಯ ಮೇಲೆ ಅತ್ತೆಯೇ!

ಹೇಳಿದ ಕ್ಷಣವೇ ಅವರು ಬಾಯಿ ಮುಚ್ಚಿಕೊಂಡರು. "ಅಯ್ಯೋ ನಿನ್ನ ಮನೆ ಕಾಯ್ವಾಗ! ನಿನ್ನ ಕಿವಿಗೆ ಬಿತ್ತಲ್ಲೋ! ಇನ್ನು ನೀರಿಗೆ ಹೇಳಿ ಏನುಪಯೋಗ ಐತೆ? ನಾನು ದುರ್ಗಕ್ಕೆ ಬರಾಕಿಲ್ಲ."

ಇದ್ದೊಂದು ಕಣ್ಣು ನನ್ನ ಜಿಜ್ಞಾಸೆಗೆ ಬಲಿಯಾಗುವ ಲಕ್ಷಣ ಕಂಡಿತು. ಬುಧವಾರ ಬೆಳಿಗ್ಗೆ ಸಾಧ್ಯವಾದಷ್ಟು ಗಂಭೀರ ಮುಖ ಹೊತ್ತು ಹೋಗಿ, "ಅತ್ತೆ, ಬೆಳಗಿನ ಜಾವ ಕನಸು ಬಿತ್ತು. ನೀವು ತೀರ್ಕಂಡಿದ್ರಿ" ಎಂದೆ.

ಅತ್ತೆಯ ಮುಖ ಅರಳಿತು. "ಹೌದೇನಪ್ಪ? ಯಾರ್ ಯಾರ್ ಬಂದಿದ್ರು?"

"ಹರಿಯಬ್ಬೆಯೋರೆಲ್ಲ ಬಂದಿದ್ರು."

"ನಮ್ಮ ಓರಗಿತ್ತಿ?"

"ಬಿದ್ದು ಹೊರಳಾಡಿ ಅತ್ರು."

ಅತ್ತೆ ಹುಬ್ಬು ಗಂಟಿಕ್ಕಿದರು. "ಅವಳಾ? ನಂಗೋಸ್ಕರ? ಬಿಡು, ಸುಳ್ಳು ಕನಸು."

ಕಲ್ಪನೆಯ ಲಗಾಮನ್ನು ಕೂಡಲೇ ಎಳೆದು, "ಸದ್ದು ಜೋರಾಗಿತ್ತು, ಕಣ್ಣಾಗೆ ನೀರಿರ್ಲಿಲ್ಲ" ಎಂದೆ.

"ಹಂಗನ್ನು! ಹಂಗಾದ್ರೆ ಖರೆ" ಎಂದು ಅತ್ತೆ ಎದ್ದು, ದುರ್ಗಕ್ಕೆ ಉಡುವ ಸೀರೆ ಹುಡುಕತೊಡಗಿದರು.

ಆಪರೇಷನ್ ಸಾಂಗವಾಗಿ ಮುಗಿಯಿತು. ಪಟ್ಟಿ ಬಿಚ್ಚಿದಾಗ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನಪ್ಪ, ಇಷ್ಟು ಮುದುಕ ಆಗೀಯ!" ಎಂದರು. ಊರಿಗೆ ಮರಳುವ ಬಸ್ಸಿನಲ್ಲಿ ಇನ್ನೊಂದು ಮಾತು: "ನೀನು ಏಳೋದೇ ಎಂಟಕ್ಕೆ. ಜಾವ ಯಾವ್ದು ಅಂತ ನಿಂಗೆ ಹೆಂಗಲೇ ಗೊತ್ತಾಯ್ತು?"

"ಮತ್ತೆ ಯಾಕೆ ಬಂದ್ರಿ?"

"ಇದನ್ನೆಲ್ಲ ನಂಬದೋನು ಕುಂತ್ಕಂಡು ನಂಗೋಸ್ಕರ ಒಂದು ಕನಸು ಕಟ್ಟೀಯ. ಅದನ್ನ ಹೆಂಗೆ ಬ್ಯಾಡ ಅನ್ಲಿ?"

ನಾನು ಕಿಟಕಿಯಾಚೆಯ ತೆಂಗಿನ ತೋಟಗಳನ್ನು ಅನಾವಶ್ಯಕವಾದ ಶ್ರದ್ಧೆಯಿಂದ ನೋಡುತ್ತ ಕೂತೆ.

ಕಳೆದ ವಾರ ನನಗೆ ನಿಜಕ್ಕೂ ಕನಸು ಬಿತ್ತು. ಚಪ್ಪರ, ವಾಲಗ, ಹಸೆಮಣೆ, ಅತ್ತೆ. ಎಚ್ಚರವಾದಾಗ ಹೊರಗೆ ಇನ್ನೂ ನಸುಕು. ಅಜೀರ್ಣದಿಂದ ಹೀಗಾಗುವುದುಂಟು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಪಾಠ ಮುಗಿಯುವ ಹೊತ್ತಿಗೆ ಹಿತ್ತಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಪುಣ್ಯಕ್ಕೆ ಅಂದು ನೀರಿನ ದಿನ. ನಲ್ಲಿ ತಿರುಗಿಸಿ, ಬಗ್ಗಿ, ಪಿಸುದನಿಯಲ್ಲಿ ಶುರುಮಾಡಿದೆನಷ್ಟೆ, ಹಿಂದೆ ಕೊಡದ ಸದ್ದಾಯಿತು. ಅತ್ತೆ ಕೊಡ ಹಿಡಿದು ನಿಂತಿದ್ದರು.

"ಏನದು ಅಂತ ನಾನು ಕೇಳಾಕಿಲ್ಲ, ನನ್ನ ಕಿವಿಗೆ ಮಾತ್ರ ಹಾಕ್ಬ್ಯಾಡ" ಎಂದು ಅತ್ತ ತಿರುಗಿ ನಿಂತರು. "ಬಿರ್ರನೆ ಹೇಳಿ ಮುಗಿಸಪ್ಪ, ನೀರು ನಿಂತೋದಾತು."