ಸೇಡಿಗೆ ನಿಂತ ಬುಗುರಿ

ಓಡುವುದರ ಫೋಟೋ ತೆಗೆಯುವುದರಲ್ಲಿ ಅವನನ್ನು ಮೀರಿಸುವವರು ಊರಿನಲ್ಲಿರಲಿಲ್ಲ. ಪಾದಗಳನ್ನು ನೆಲಕ್ಕೆ ಊರಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಬರುವ ಸೈಕಲ್ಲನ್ನೋ ಬೈಕನ್ನೋ ಕ್ಯಾಮೆರಾದಲ್ಲಿ ಹಿಡಿದು, ಅದರ ಜೊತೆಯಲ್ಲೇ ಸೊಂಟ ತಿರುಗಿಸುತ್ತ ಗುಂಡಿ ಒತ್ತುವನು. ಸವಾರನ ಹುಬ್ಬಿನ ಬೆವರೂ ಸ್ಪಷ್ಟ. ಹಿಂದಿನ ಮರ, ಗೋಡೆ, ಜನವೆಲ್ಲ ಬರೀ ಬಣ್ಣದ ಗೀರು. ಜೊತೆಗೆ ಚಲಿಸುವ ಕಣ್ಣಿಗೆ ಓಡುವುದೇ ಸ್ಥಿರ, ನಿಂತದ್ದೆಲ್ಲ ಓಟ. ಭೌತಶಾಸ್ತ್ರದ ಈ ಸಂಗತಿಯನ್ನು ಅವನು ಸೊಂಟದಿಂದ ಕಲಿತಿದ್ದ. ಸ್ಟುಡಿಯೋದ ಗೆಳೆಯರು ಅವನಿಗೆ ಇಟ್ಟ ಹೆಸರು ಬುಗುರಿ.

ಈಗ ಆ ಬುಗುರಿಯ ತಲೆಯಲ್ಲಿ ಸುತ್ತುತ್ತಿದ್ದುದು ಒಂದು ಬಿಳಿ ವ್ಯಾನು. ಕೆಂಪು ದೀಪವನ್ನು ಲೆಕ್ಕಿಸದೆ ನುಗ್ಗಿ, ರಸ್ತೆ ದಾಟುತ್ತಿದ್ದ ಅವನ ಅಕ್ಕನನ್ನು ಅದು ಕೆಡವಿತ್ತು. ಅಕ್ಕನ ಎಡಗಾಲಿನ ಮೂಳೆ ಮುರಿದು, ಒಳಗೆ ರಾಡು ಹಾಕಬೇಕಾಯಿತು. ಚಾಲಕ "ಆಯಮ್ಮನೇ ಅಡ್ಡ ಬಂದ್ರು" ಎಂದು ಕೈತೊಳೆದುಕೊಂಡ. ಸಾಕ್ಷಿಯಿರಲಿಲ್ಲ.

"ಹಳೇದು ಬಿಡಿ. ಅವನು ಮತ್ತೆ ಹಾಗೆ ನುಗ್ಗಿದ್ರೆ ಫೋಟೋ ತನ್ನಿ, ಲೈಸೆನ್ಸ್ ಕಿತ್ಕೊಳ್ತೀವಿ" ಎಂದರು ದೂರು ಕೇಳಿದ ಇನ್ಸ್‌ಪೆಕ್ಟರು.

ಅಷ್ಟೇ ಸಾಕಾಯಿತು. ಬುಗುರಿ ದಿನಾ ಬೆಳಿಗ್ಗೆ ಅದೇ ಸಿಗ್ನಲ್ಲಿನ ಎದುರು ಬಲೆ ಹಾಸಿದ ಬೇಡನಂತೆ ಕಾದ. ಸೇಡು ಮನಸ್ಸನ್ನು ಹಗುರಗೊಳಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ ಎಂದು ಯಾರಾದರೂ ಹೇಳಿದ್ದರೆ, ಆ ಪುರಾವೆಯನ್ನು ತಾನೇ ಒದಗಿಸುತ್ತೇನೆ ಎನ್ನುತ್ತಿದ್ದನೇನೋ. ಕೊನೆಗೊಮ್ಮೆ ವ್ಯಾನು ಕೆಂಪು ದೀಪದಲ್ಲಿ ನುಗ್ಗಿತು. ಬುಗುರಿ ತಿರುಗಿದ.

ಫೋಟೋ ನೋಡಿ ಇನ್ಸ್‌ಪೆಕ್ಟರು ತಲೆದೂಗಿದರು. "ಏನ್ ಫೋಟೋ ಕಣ್ರೀ! ಬಾಗಿಲ ಮೇಲಿನ ನಂಬರು, ಮೀಸೆ, ಬಾಯಲ್ಲಿರೋ ಕಡ್ಡಿ, ಎಲ್ಲಾ ಕಾಣುತ್ತೆ. ಸಿಗ್ನಲ್ ಎಲ್ರೀ?"

"ಈ ಕೆಂಪು ಗೀರೇ ಸಾರ್."

"ಗೀರು ಯಾರಾದ್ರೂ ನಂಬ್ತಾರಾ? ಅಂಗಡಿ ಬೋರ್ಡೂ ಕೆಂಪಗಿರುತ್ತೆ."

ಮನೆಯಲ್ಲಿ ಅಕ್ಕ ಹಣೆ ಚಚ್ಚಿಕೊಂಡಳು. "ಲೋ, ಶತ್ರೂನ ಹಿಡ್ಕೊಂಡು ಬಾ ಅಂದ್ರೆ ಸಿಂಗಾರ ಮಾಡಿ ಕರ್ಕೊಂಡು ಬಂದಿದ್ದೀಯಲ್ಲೋ!"

ಮುಂದಿನ ಸಲ ದೀಪ ಗೀರಾಗದಿರಲೆಂದು ಶಟರಿನ ವೇಗ ಹೆಚ್ಚಿಸಿದ, ಅಲುಗಬಾರದೆಂದು ಹಲ್ಲು ಕಚ್ಚಿ ನಿಂತ. ವ್ಯಾನು ಕಂಡದ್ದೇ ತಡ, ಸೊಂಟ ತಾನಾಗಿ ತಿರುಗಿತು; ದೀಪ ಚೌಕಟ್ಟಿನಿಂದ ಆಚೆ ಹೋಯಿತು. ವರ್ಷಗಟ್ಟಲೆ ಅನ್ನ ಹಾಕಿದ ಸೊಂಟವೇ ವೈರಿಯ ಪರ ನಿಂತಿತ್ತು.

ಆಮೇಲೆ ಟ್ರೈಪಾಡು ತಂದ. ಕೆಂಪು ದೀಪ, ಬಿಳಿ ಗೆರೆ ಎರಡನ್ನೂ ಚೌಕಟ್ಟಿಗೆ ತಂದು ತಿರುಪುಗಳನ್ನು ಬಿಗಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕ್ಯಾಮೆರಾಗೆ ಜೋಡಿಸಿದ ತಂತಿಯ ತುದಿಯ ಗುಂಡಿಯ ಮೇಲೆ ಬೆರಳಿಟ್ಟು ನಿಂತ. ವ್ಯಾನು ಬಂತು. ಸೊಂಟ ತಿರುಗಿತು, ಕ್ಯಾಮೆರಾ ತಿರುಗಲಿಲ್ಲ. ದೀಪ, ಗೆರೆ, ನಂಬರು, ಮೀಸೆ ಎಲ್ಲವೂ ಒಂದೇ ಚಿತ್ರದಲ್ಲಿ ಸಿಕ್ಕಿಬಿದ್ದವು.

ಲೈಸೆನ್ಸ್ ಕಳೆದುಕೊಂಡ ವಾರವೇ ಚಾಲಕ ಸ್ಟುಡಿಯೋಗೆ ಬಂದ. "ಅಣ್ಣಾ, ಒಂದ್ ಮಾತು ಹೇಳಿ ಬಿಡಿಸ್ಕೊಡಿ. ಓಡ್ಸೋದು ಬಿಟ್ರೆ ನಂಗೇನೂ ಗೊತ್ತಿಲ್ಲ."

"ನಡೆಯೋದು ಗೊತ್ತಲ್ಲ?" ಎಂದ ಬುಗುರಿ, ಲೆನ್ಸ್ ಒರೆಸುತ್ತ. "ನಮ್ಮಕ್ಕ ಇನ್ನೂ ಕಲೀತಿದ್ದಾಳೆ."

ಚಾಲಕ ನಡೆದೇ ಹೋದ. ಬುಗುರಿ ಬಾಗಿಲವರೆಗೆ ಬಂದು, ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಅಯ್ಯೋ ಅನ್ನಿಸಲಿಲ್ಲ.

ಅಕ್ಕ ಆ ಫೋಟೋವನ್ನು ದೊಡ್ಡದಾಗಿ ಹಾಕಿಸಿ, ಕಾಲಿನ ವ್ಯಾಯಾಮ ಮಾಡುವ ಕುರ್ಚಿಯ ಎದುರಿನ ಗೋಡೆಗೆ ಅಂಟಿಸಿಕೊಂಡಳು. ಬುಗುರಿಗೆ ಅದನ್ನು ನೋಡಿದರೆ ಮುಜುಗರ. "ತೆಗೆದುಬಿಡಕ್ಕ. ಚೂರೂ ಓಟ ಇಲ್ಲ, ಗಾಡಿ ಕೆಟ್ಟು ನಿಂತ ಹಾಗಿದೆ."

"ಇರಲಿ ಬಿಡೋ. ಒದೆಯೋಕೆ ನಿಂತಿದ್ರೇ ಒಳ್ಳೇದು" ಎಂದು ಅಕ್ಕ ಎಡಗಾಲನ್ನು ಎತ್ತಿದಳು.